ಪದಚರ್ಚೆ: ‘ಸಿಗ್ನಿಫಿಕೆಂಟ್’ಗೆ ‘ಗಮನಾರ್ಹ’ ಸಾಕಾ? ಹಲ್ಲು, ಒಸಡಿನ ಸಂಶೋಧನೆ ಓದುವಾಗ ಬೇಕಾದ ಕೆಲವು ಪದಗಳು

ಬಳಗದವರಿಗೆ ನಮಸ್ಕಾರ.

ಕೇಳಬೇಕಾದದ್ದು ಮುಖ್ಯವಾಗಿ ಒಂದೇ ಪದದ ಬಗ್ಗೆ. ಆದರೆ ಅದರ ಹಿಂದೆ ಇನ್ನೂ ನಾಲ್ಕೈದು ಸಾಲುಗಟ್ಟಿ ನಿಂತಿವೆ, ಹಾಗಾಗಿ ಮೇಲ್ ಸ್ವಲ್ಪ ಉದ್ದ ಆಗುತ್ತದೆ. ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ ಓದುವವರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಹೈಜೀನಿಸ್ಟ್ ಅಂದರೆ ಡಾಕ್ಟರ್ ಅಲ್ಲ. ಹಲ್ಲು ಕ್ಲೀನ್ ಮಾಡುವವರು, ಹೇಗೆ ಉಜ್ಜಬೇಕು ಅಂತ ರೋಗಿಗೆ ಹೇಳಿಕೊಡುವವರು. ಇವರ ಕೆಲಸ ಏನು ಅಂತ 1948ರ ದಂತವೈದ್ಯರ ಕಾಯ್ದೆಯಲ್ಲೇ ಬರೆದಿದೆ. ಸಂಶೋಧನಾ ಲೇಖನ ಕೈಗೆ ಬಂದರೆ ಅದನ್ನು ಹೇಗೆ ಓದಬೇಕು, ಯಾವ ಮಾತನ್ನು ಎಷ್ಟು ನಂಬಬೇಕು ಅನ್ನೋದು ಟಿಪ್ಪಣಿಯ ವಿಷಯ. ಓದುವವರಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದವರು. ಇಂಗ್ಲಿಷ್ ಲೇಖನ ಕೊಟ್ಟರೆ ಮೇಲಿನ ಸಾರಾಂಶ, ಕೊನೆಯ ಎರಡು ಸಾಲು ಓದಿ ಎತ್ತಿಡುತ್ತಾರೆ. (ಡಾಕ್ಟರುಗಳಲ್ಲೂ ಎಷ್ಟೋ ಜನ ಇಷ್ಟೇ ಮಾಡೋದು, ಆ ಮಾತು ಬೇರೆ.) ಆ ಕೊನೆಯ ಎರಡು ಸಾಲಿನಲ್ಲಿ ‘ಸಿಗ್ನಿಫಿಕೆಂಟ್’ ಇದ್ದೇ ಇರುತ್ತದೆ. ತಕರಾರು ಅಲ್ಲಿಂದಲೇ ಶುರು.

ನಾವು ಇದಕ್ಕೆ ‘ಗಮನಾರ್ಹ’, ‘ಮಹತ್ವದ’, ‘ಅರ್ಥಪೂರ್ಣ’ ಅಂತ ಬರೆಯುತ್ತೇವೆ. ಮೂರೂ ಒಳ್ಳೆಯ ಪದಗಳೇ. ಅಂಕಿಅಂಶದ ಅರ್ಥಕ್ಕೆ ಮಾತ್ರ ಮೂರೂ ಒಗ್ಗುವುದಿಲ್ಲ ಅನ್ನೋದು ನನ್ನ ವಾದ. ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸುವ ದ್ರಾವಣ ಎಲ್ಲರಿಗೂ ಗೊತ್ತು, ಹಲ್ಲು ಕೀಳಿಸಿದ ಮೇಲೆ ಡಾಕ್ಟರ್ ಬರೆದುಕೊಡುವ ಆ ಬಾಟಲಿ. ಇದರ ಬಗ್ಗೆ ನಡೆದ 51 ಅಧ್ಯಯನಗಳನ್ನು ಕಲೆಹಾಕಿ ಕಾಕ್ರೇನ್ ಸಂಸ್ಥೆಯವರು 2017ರಲ್ಲಿ ಒಂದು ಅವಲೋಕನ ಪ್ರಕಟಿಸಿದರು. ಬ್ರಶ್ ಜೊತೆಗೆ ಇದನ್ನೂ 4ರಿಂದ 6 ವಾರ ಬಳಸಿದವರಲ್ಲಿ ಒಸಡಿನ ಉರಿಯೂತದ ಅಂಕ, ಬಳಸದವರಿಗೆ ಹೋಲಿಸಿದರೆ, ಸರಾಸರಿ 0.21 ಹೆಚ್ಚು ಇಳಿದಿತ್ತು. ಆ ಅಂಕ 1963ರಲ್ಲಿ ಲೋ ಮತ್ತು ಸಿಲ್ನೆಸ್ ಮಾಡಿಟ್ಟ ಅಳತೆ. ಸೊನ್ನೆ ಅಂದರೆ ಒಸಡು ಚೆನ್ನಾಗಿದೆ. 1 ಅಂದರೆ ಬಣ್ಣ ಸ್ವಲ್ಪ ಬದಲಾಗಿದೆ, ಚೂರು ಊದಿದೆ, ಪ್ರೋಬ್ (ಒಸಡು ಪರೀಕ್ಷಿಸುವ ತೆಳು ಕಡ್ಡಿ) ಆಡಿಸಿದರೆ ರಕ್ತ ಬರೋದಿಲ್ಲ. 2 ಅಂದರೆ ಕೆಂಪಗಾಗಿ ಊದಿದೆ, ಪ್ರೋಬ್ ತಾಗಿದರೆ ರಕ್ತ ಬರುತ್ತದೆ. 3 ಅಂದರೆ ತಾನಾಗೇ ರಕ್ತ ಒಸರುವ ಸ್ಥಿತಿ. ಒಂದೊಂದು ಹಲ್ಲಿಗೂ ನಾಲ್ಕು ಕಡೆ ನೋಡಿ ಅಂಕ ಹಾಕಿ ಸರಾಸರಿ ತೆಗೆಯುತ್ತಾರೆ. 28 ಹಲ್ಲು ಅಂದುಕೊಳ್ಳಿ, ಒಟ್ಟು 112 ಜಾಗ ಆಯಿತು. 0.21 ಇಳಿಕೆ ಅಂದರೆ ಅದರಲ್ಲಿ ಸುಮಾರು 23-24 ಜಾಗದಲ್ಲಿ ಅಂಕ ಒಂದು ಮೆಟ್ಟಿಲು ಇಳಿದ ಹಾಗೆ. ಈ ಅಧ್ಯಯನಗಳಲ್ಲಿ ಇದ್ದವರು ಶುರುವಿನಲ್ಲೇ ಸರಾಸರಿ 1 ಇದ್ದವರು, ಅಂದರೆ ಸಣ್ಣ ಉರಿಯೂತದವರು.

ಈ ಇಳಿಕೆ ಲೆಕ್ಕದ ಪ್ರಕಾರ ಗಟ್ಟಿ. ನಿಜವಾದ ಇಳಿಕೆ ಇದರೊಳಗೆ ಇರಬಹುದು ಅಂತ ಅವರು ಕೊಟ್ಟ ವ್ಯಾಪ್ತಿ 0.11ರಿಂದ 0.31, ಸೊನ್ನೆಯನ್ನು ಅದು ಮುಟ್ಟುವುದೇ ಇಲ್ಲ. ಆದರೆ ಇಂಥ ಸಣ್ಣ ಉರಿಯೂತ ಇರುವವರಿಗೆ ಇದು ಚಿಕಿತ್ಸೆಯ ದೃಷ್ಟಿಯಿಂದ ಲೆಕ್ಕಕ್ಕೆ ಬರುವ ಲಾಭ ಅಲ್ಲ ಅಂತ ಅದೇ ಅವಲೋಕನ ಹೇಳುತ್ತದೆ. ಜೊತೆಗೆ ಹಲ್ಲಿನ ಮೇಲೆ ಕಂದು ಕಲೆ ಬೇರೆ. ಈಗ ಇದನ್ನು ನಮ್ಮ ಪದಕೋಶದ ಕನ್ನಡದಲ್ಲಿ ಬರೆಯಿರಿ ನೋಡೋಣ: “ಇಳಿಕೆ ಗಮನಾರ್ಹವಾಗಿದೆ, ಆದರೆ ಗಮನಿಸುವಷ್ಟು ಇಲ್ಲ.” ಓದಿದ ಹುಡುಗಿ ನಗದೆ ಏನು ಮಾಡುತ್ತಾಳೆ?

ಮೊದಲನೆಯ, ಅಂದರೆ ಅಂಕಿಅಂಶದ ‘ಸಿಗ್ನಿಫಿಕೆಂಟ್’ಗೂ ದೊಡ್ಡದು, ಸಣ್ಣದು ಅನ್ನೋದಕ್ಕೂ ನೇರ ಸಂಬಂಧ ಇಲ್ಲ. ನಿಜಕ್ಕೂ ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಂಡರೂ, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಸುಮ್ನೆ ಅದೃಷ್ಟಕ್ಕೆ ಕಾಣಿಸಿಕೊಳ್ಳುವ ಸಾಧ್ಯತೆ ಎಷ್ಟು? ಆ ಸಂಖ್ಯೆಯೇ ಪಿ-ಮೌಲ್ಯ. ಅದು 0.05ಕ್ಕಿಂತ ಕಡಿಮೆ ಇದ್ದರೆ ‘ಸಿಗ್ನಿಫಿಕೆಂಟ್’ ಅನ್ನುವ ರೂಢಿ. ಇಪ್ಪತ್ತಕ್ಕೆ ಒಂದು ಅನ್ನುವ ಈ ಗೆರೆಯನ್ನು ರೂಢಿಗೆ ತಂದದ್ದು ರೊನಾಲ್ಡ್ ಫಿಶರ್, 1925ರ ತಮ್ಮ ಪುಸ್ತಕದಲ್ಲಿ. ಸಾವಿರಾರು ಜನರನ್ನು ಸೇರಿಸಿಕೊಂಡರೆ ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸವೂ ಈ ಗೆರೆ ದಾಟುತ್ತದೆ. ಹತ್ತು ಜನರನ್ನಿಟ್ಟುಕೊಂಡು ಮಾಡಿದರೆ ದೊಡ್ಡ ವ್ಯತ್ಯಾಸವೂ ದಾಟದೆ ಹೋಗಬಹುದು. ಟೂತ್‌ಪೇಸ್ಟ್ ಜಾಹೀರಾತು ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ‘ಗಮನಾರ್ಹ’ ಅವರಿಗೆ ಸಹಾಯ ಮಾಡುತ್ತಿದೆ ಅನ್ನೋದೇ ನನ್ನ ಸಿಟ್ಟು.

ನನಗೆ ಹೊಳೆದದ್ದು ಎರಡು. ಒಂದು, ‘ಕಾಕತಾಳೀಯ ಅನ್ನಲಾಗದ’. ಕಾಕತಾಳೀಯ ಎಲ್ಲರಿಗೂ ಗೊತ್ತಿರುವ ಪದ, ಕಾಗೆ ಕೂತಿದ್ದಕ್ಕೂ ತಾಳೆಹಣ್ಣು ಬಿದ್ದಿದ್ದಕ್ಕೂ ಸಂಬಂಧ ಕಟ್ಟಬೇಡ ಅನ್ನುವ ಮಾತು. ಅರ್ಥಕ್ಕೆ ಹತ್ತಿರ ಇದೆ. ತೊಂದರೆ ಏನು ಅಂದರೆ ಅದು ಸ್ವಲ್ಪ ಜಾಸ್ತಿ ಹೇಳಿಬಿಡುತ್ತದೆ. ಪಿ-ಮೌಲ್ಯ ಕಾಕತಾಳೀಯವನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ‘ಸುಲಭವಾಗಿ ಕಾಕತಾಳೀಯ ಅನ್ನಲಾಗದ’ ಅಂದರೆ ಸರಿ, ಆದರೆ ಕೋಷ್ಟಕದ ತಲೆಬರಹದಲ್ಲಿ ಅದು ಹಿಡಿಸಬೇಕಲ್ಲ. ಇನ್ನೊಂದು ‘ಸೂಚಕ’, ಏನನ್ನೋ ಸೂಚಿಸುತ್ತಿದೆ, ಎಷ್ಟು ದೊಡ್ಡದು ಅಂತ ಹೇಳುತ್ತಿಲ್ಲ. ನನಗೆ ಇದು ಇಷ್ಟ. ಆದರೆ ಅದೇ ಪುಟದಲ್ಲಿ ‘ಒಸಡಿನ ಸೂಚ್ಯಂಕ’ (ಮೇಲೆ ಹೇಳಿದ 0ರಿಂದ 3ರ ಅಳತೆ) ಬೇರೆ ಇದೆ, ಎರಡೂ ಸೇರಿ ಗೋಜಲಾಗುತ್ತದೆ. ‘ಗಮನಾರ್ಹ’ವನ್ನು ಎರಡನೆಯ ಅರ್ಥಕ್ಕೆ, ಅಂದರೆ ರೋಗಿಗೆ ನಿಜಕ್ಕೂ ಲಾಭ ಆಗುವಷ್ಟು ಅನ್ನುವುದಕ್ಕೆ ಮಾತ್ರ ಇಟ್ಟುಕೊಳ್ಳಬೇಕು ಅನ್ನೋದಂತೂ ನನ್ನ ಗಟ್ಟಿ ನಿಲುವು.

ಇನ್ನು ಸಾಲಿನಲ್ಲಿ ನಿಂತವು.

‘ಲಿಟರೇಚರ್ ರಿವ್ಯೂ’ಗೆ ಕೆಲವರು ‘ಸಾಹಿತ್ಯ ವಿಮರ್ಶೆ’ ಅಂತ ಬರೆಯುತ್ತಾರೆ. ಒಸಡಿನ ರೋಗದ ಸಾಹಿತ್ಯ ವಿಮರ್ಶೆ! ನವ್ಯವೋ ಬಂಡಾಯವೋ ಅಂತ ಕೇಳಬೇಕು. ‘ವಿಜ್ಞಾನ ಸಾಹಿತ್ಯ’ ಅಂದರೂ ನಮ್ಮಲ್ಲಿ ನೆನಪಾಗೋದು ಜನಪ್ರಿಯ ವಿಜ್ಞಾನದ ಪುಸ್ತಕಗಳು, ಜರ್ನಲ್ ಲೇಖನಗಳಲ್ಲ. ನಾನು ‘ಹಿಂದಿನ ಅಧ್ಯಯನಗಳ ಅವಲೋಕನ’ ಅಂತ ಬರೆದು ಮುಂದೆ ಹೋಗಿದ್ದೇನೆ, ಇದರಲ್ಲಿ ಯಾರಿಗೂ ತಕರಾರು ಇರಲಾರದು.

‘ಬ್ಲೈಂಡ್’, ಅಂದರೆ ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿದೆ ಅನ್ನೋದನ್ನು ಮುಚ್ಚಿಡುವುದು. ಈ ಪದಕ್ಕೆ ‘ಕುರುಡು’, ‘ದ್ವಿ-ಅಂಧ’ ಎರಡೂ ಬೇಡ. ಒಂದು, ಕಣ್ಣು ಕಾಣದವರನ್ನು ಸುಮ್ನೆ ಎಳೆದು ತರುವುದು ಚೆನ್ನಾಗಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಯಾರಿಗೆ ಗೊತ್ತಿಲ್ಲ ಅನ್ನೋದನ್ನು ಆ ಪದ ಹೇಳುವುದೇ ಇಲ್ಲ. ಹಲ್ಲಿನ ಸಂಶೋಧನೆಯಲ್ಲಿ ಅದೇ ಮುಖ್ಯ. ಎಲೆಕ್ಟ್ರಿಕ್ ಬ್ರಶ್ ಮತ್ತು ಮಾಮೂಲಿ ಬ್ರಶ್ ಹೋಲಿಸುವಾಗ ಉಜ್ಜುವವರಿಂದ ಗುಟ್ಟು ಮಾಡಲು ಸಾಧ್ಯವೇ? ಕೈಯಲ್ಲೇ ಗುಯ್ ಅನ್ನುತ್ತಿರುತ್ತದೆ. ಅಂಕ ಹಾಕುವವರಿಂದ ಮಾತ್ರ ಮುಚ್ಚಿಡಬಹುದು. ಕ್ಲೋರ್‌ಹೆಕ್ಸಿಡಿನ್ ವಿಷಯದಲ್ಲಿ ಉಲ್ಟಾ: ಬಾಟಲಿಗೆ ಬರೀ ನಂಬರ್ ಅಂಟಿಸಿ ಕೊಡಬಹುದು, ಆದರೆ ಕೆಲವು ವಾರ ಆದ ಮೇಲೆ ಹಲ್ಲಿನ ಕಂದು ಕಲೆ ನೋಡಿದರೆ ಪ್ರೋಬ್ ಹಿಡಿದವರಿಗೆ ಯಾರು ಏನು ಬಳಸಿದ್ದಾರೆ ಅಂತ ಅಂದಾಜಾಗಿಬಿಡುತ್ತದೆ. ಹಾಗಾಗಿ ‘ಅಂಕ ಹಾಕುವವರಿಗೆ ಗುಟ್ಟು’, ‘ಬಳಸುವವರಿಗೆ ಗುಟ್ಟು’, ‘ಇಬ್ಬರಿಗೂ ಗುಟ್ಟು’ ಅಂತ ಬಿಡಿಸಿ ಬರೆಯುತ್ತಿದ್ದೇನೆ. ‘ಗುಟ್ಟು’ ತೀರಾ ಆಡುಮಾತಾಯಿತು ಅನ್ನುವವರು ಬೇರೆ ಪದ ಕೊಡಿ. ಆದರೆ ಯಾರಿಗೆ ಅನ್ನೋದು ಅದರಲ್ಲಿ ಇರಲೇಬೇಕು. ಇಬ್ಬರು ಹೈಜೀನಿಸ್ಟ್‌ಗಳು ಒಂದೇ ಬಾಯಿ ನೋಡಿ ಒಂದೇ ಅಂಕ ಹಾಕುತ್ತಾರಾ ಅಂತ ಮೊದಲೇ ಪರೀಕ್ಷಿಸುವುದಕ್ಕೆ ‘ತಾಳೆ ನೋಡುವುದು’ ಅಂತ ಇಟ್ಟಿದ್ದೇನೆ. ಇದು ಕೈಗೆ ಸಿಕ್ಕಿದ ಕೂಡಲೇ ಕೂತುಕೊಂಡಿತು.

‘ಕಂಟ್ರೋಲ್ ಗ್ರೂಪ್’ಗೆ ‘ಹೋಲಿಕೆ ಗುಂಪು’. ‘ನಿಯಂತ್ರಿತ ಗುಂಪು’ ಅಂದರೆ ಯಾರೋ ಅವರನ್ನು ಹಿಡಿತದಲ್ಲಿ ಇಟ್ಟ ಹಾಗೆ ಕೇಳುತ್ತದೆ. ‘ರ‍್ಯಾಂಡಮ್’ಗೆ ಶಾಲೆಯ ಗಣಿತದಲ್ಲೇ ‘ಯಾದೃಚ್ಛಿಕ’ ಕಲಿತಿರುತ್ತಾರೆ, ಅದು ಇರಲಿ. ವಿವರಿಸುವಾಗ ‘ಚೀಟಿ ಎತ್ತಿ ಗುಂಪು ಮಾಡುವುದು’ ಅಂತ ಬರೆದೆ, ಆದರೆ ಬೆಂಗಳೂರಿನ ಕಡೆಯವರಿಗೆ ‘ಚೀಟಿ ಎತ್ತೋದು’ ಅಂದರೆ ಚೀಟಿ ವ್ಯವಹಾರವೇ ಮೊದಲು ನೆನಪಾಗುತ್ತದಂತೆ. ‘ಬಯಸ್’ಗೆ ‘ಪಕ್ಷಪಾತ’ ಬೇಡ. ಸಂಶೋಧನೆಯಲ್ಲಿ ಇದ್ದೇವೆ ಅಂತ ಗೊತ್ತಾದ ಕೂಡಲೇ ಜನ ಮಾಮೂಲಿಗಿಂತ ಚೆನ್ನಾಗಿ ಉಜ್ಜುತ್ತಾರೆ, ಅದರಲ್ಲಿ ಯಾರ ಪಕ್ಷಪಾತವೂ ಇಲ್ಲ. ಫಲಿತಾಂಶ ಒಂದು ಕಡೆಗೆ ವಾಲುತ್ತದೆ, ಅಷ್ಟೇ. ‘ವಾಲಿಕೆ’ ಅನ್ನಬಹುದಾ?

‘ನೋ ಎವಿಡೆನ್ಸ್’ ಬಗ್ಗೆ ಸ್ವಲ್ಪ ನಿಲ್ಲಬೇಕು. ಅಮೆರಿಕ ಸರ್ಕಾರದ ಆಹಾರ ಮಾರ್ಗಸೂಚಿಯಲ್ಲಿ ಮೊದಲು ಹಲ್ಲಿನ ಸಂದಿಗೆ ದಾರ ಹಾಕಿ ಉಜ್ಜಿ, ಅಂದರೆ ಫ್ಲಾಸ್ ಮಾಡಿ ಎಂಬ ಸಲಹೆ ಇತ್ತು. ಹೊಸ ಆವೃತ್ತಿಯಲ್ಲಿ ಅದು ಇರಲಿಲ್ಲ. 2016ರ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಈ ಬಗ್ಗೆ ವರದಿ ಮಾಡಿತು, ಫ್ಲಾಸ್‌ಗೆ ಇರುವ ಪುರಾವೆ ದುರ್ಬಲ ಅಂತ. ಅದಕ್ಕೂ ಮೊದಲೇ, 2011ರ ಕಾಕ್ರೇನ್ ಅವಲೋಕನ 12 ಟ್ರಯಲ್‌ಗಳನ್ನು ನೋಡಿ ಇಷ್ಟು ಹೇಳಿತ್ತು: ಬ್ರಶ್ ಜೊತೆ ಫ್ಲಾಸ್ ಮಾಡಿದರೆ ಒಸಡಿನ ಉರಿಯೂತ ಸ್ವಲ್ಪ ಕಡಿಮೆ ಆಗುತ್ತದೆ ಅನ್ನುವುದಕ್ಕೆ ಒಂದಿಷ್ಟು ಪುರಾವೆ ಇದೆ, ಪ್ಲಾಕ್ (ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪದರ) ವಿಷಯದಲ್ಲಿ ಇರುವ ಪುರಾವೆ ನಂಬುವಷ್ಟು ಗಟ್ಟಿ ಇಲ್ಲ. ಹುಳುಕಿನ ಬಗ್ಗೆ ಆ ಟ್ರಯಲ್‌ಗಳಲ್ಲಿ ಮಾಹಿತಿಯೇ ಇರಲಿಲ್ಲ. ಹುಳುಕು ಹಿಡಿಯಲು ವರ್ಷಗಟ್ಟಲೆ ಬೇಕು, ಟ್ರಯಲ್‌ಗಳು ಕೆಲವೇ ತಿಂಗಳಿನವು.

ಇದನ್ನು ಕನ್ನಡದಲ್ಲಿ ‘ಪುರಾವೆ ಇಲ್ಲ’ ಅಂತ ಬರೆದರೆ ನಮ್ಮ ಕಿವಿಗೆ ಕೇಳಿಸೋದು ಕೋರ್ಟು. ಪುರಾವೆ ಇಲ್ಲ ಅಂದರೆ ಕೇಸು ಬಿತ್ತು, ಫ್ಲಾಸ್ ದಂಡ, ಬಿಟ್ಟುಬಿಡಿ. ಹೇಳಬೇಕಾದದ್ದು ಅದಲ್ಲ. ‘ಉಪಯೋಗ ಇಲ್ಲ ಅಂತ ತೋರಿಬಂತು’ ಬೇರೆ, ‘ಉಪಯೋಗ ಇದೆಯೋ ಇಲ್ಲವೋ ಹೇಳಲು ಪುರಾವೆ ಸಾಲದು’ ಬೇರೆ. ನಮ್ಮಲ್ಲಿ ‘ಸಾಲದು’ ಅನ್ನುವ ಸೊಗಸಾದ ಕ್ರಿಯಾಪದ ಇರುವಾಗ ‘ಇಲ್ಲ’ ಯಾಕೆ ಬರೆಯುತ್ತೇವೋ.

ಇನ್ನೊಂದು, ‘ನ್ಯಾಚುರಲ್ ಹಿಸ್ಟರಿ’. ಒಂದು ಕರಡಿನಲ್ಲಿ ‘ಒಸಡಿನ ರೋಗದ ನೈಸರ್ಗಿಕ ಇತಿಹಾಸ’ ಅಂತ ನೋಡಿದೆ, ಮ್ಯೂಸಿಯಂನಲ್ಲಿ ಇಡಬಹುದು. ಚಿಕಿತ್ಸೆ ಇಲ್ಲದೆ ಬಿಟ್ಟರೆ ರೋಗ ತಾನಾಗಿ ಹೇಗೆ ಮುಂದುವರಿಯುತ್ತದೆ ಅನ್ನುವುದು ಅದರ ಅರ್ಥ. ಮೇಲೆ ಹೇಳಿದ ಹರಾಲ್ಡ್ ಲೋ ಮತ್ತು ಜೊತೆಗಾರರ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟರೆ ವಿಷಯ ತಿಳಿಯಾಗುತ್ತದೆ. 1965ರಲ್ಲಿ ಪ್ರಕಟವಾದದ್ದು ಡೆನ್ಮಾರ್ಕ್‌ನ ಆರ್‌ಹುಸ್‌ನಲ್ಲಿ ನಡೆದದ್ದು. ಹೆಚ್ಚಾಗಿ ದಂತವೈದ್ಯ ವಿದ್ಯಾರ್ಥಿಗಳೇ ಇದ್ದ 12 ಜನ, ಹಲ್ಲು ಚೆನ್ನಾಗಿದ್ದವರು, ಬೇಕಂತಲೇ ಉಜ್ಜುವುದು ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನದ ಒಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದರು, ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಇದನ್ನು ‘ಪ್ರಯೋಗ’ ಅನ್ನಲು ಅಡ್ಡಿಯಿಲ್ಲ, ಬದಲಾವಣೆಯನ್ನು ಅವರೇ ಮಾಡಿದ್ದು.

ಎರಡನೆಯದು ಶ್ರೀಲಂಕಾದ ಟೀ ತೋಟಗಳದ್ದು. ಬ್ರಶ್ಶನ್ನೇ ಬಳಸದ 480 ಗಂಡಸು ಕೂಲಿಯವರನ್ನು 1970ರಿಂದ 1985ರ ತನಕ ಆಗಾಗ ಪರೀಕ್ಷಿಸಿದರು, ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಎಲ್ಲರ ಹಲ್ಲಿನ ಮೇಲೂ ಕೊಳೆ, ಕಲ್ಲು. ಆದರೂ ಸುಮಾರು ನೂರಕ್ಕೆ 8 ಜನರಲ್ಲಿ ರೋಗ ಬೇಗ ಬೇಗ ಬೆಳೆಯಿತು, 81 ಜನರಲ್ಲಿ ನಿಧಾನವಾಗಿ, 11 ಜನರಲ್ಲಿ ಒಸಡು ಊದಿದ್ದು ಬಿಟ್ಟರೆ ಮುಂದೆ ಹೋಗಲೇ ಇಲ್ಲ. ಹುಳುಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಲ್ಲಿ ಸಂಶೋಧಕರು ಏನನ್ನೂ ಬದಲಿಸಲಿಲ್ಲ, ನೋಡುತ್ತಾ ಹೋದರು. (ಅಷ್ಟು ವರ್ಷ ನೋಡುತ್ತಾ ಮಾತ್ರ ಇದ್ದದ್ದು ಸರಿಯೇ ಅನ್ನೋದನ್ನೂ ಟಿಪ್ಪಣಿಯಲ್ಲಿ ಹಾಕಿದ್ದೇನೆ, ಕ್ಲಾಸಿನಲ್ಲಿ ಜಗಳ ಆಗಲಿ ಅಂತಲೇ.) ‘ರೋಗದ ಸಹಜ ನಡೆ’ ಅಂತ ಬರೆದಿದ್ದೇನೆ. ಇಂಥ ಅಧ್ಯಯನಕ್ಕೆ ‘ವೀಕ್ಷಣಾ ಅಧ್ಯಯನ’ ನಡೆಯುತ್ತದೆ. ‘ಪ್ರಯೋಗ’ವನ್ನು ಎಲ್ಲಕ್ಕೂ ಬಳಸುವುದು ಮಾತ್ರ ನಿಲ್ಲಬೇಕು. ಬರೀ ಬಾಯಿ ತೋರಿಸಿ ಹೋಗುವ ಸರ್ವೆಯ ಒಪ್ಪಿಗೆ ಪತ್ರದಲ್ಲೂ ಅದೇ ಪದ ಕಂಡರೆ ಜನ ಎದ್ದು ಹೋಗುತ್ತಾರೆ, ಹೋಗಬೇಕಾದದ್ದೇ.

ಕೊನೆಗೆ ಊರೂರಿನವರಿಂದ ಬೇಕಾದದ್ದು. ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪದರ, ಬ್ರಶ್‌ಗೆ ಹೋಗುವಂಥದ್ದು, ಒಂದು. ಅದೇ ಗಟ್ಟಿಯಾಗಿ, ಸ್ಕೇಲಿಂಗ್ ಮಾಡದೆ ಹೋಗದಂಥದ್ದು ಇನ್ನೊಂದು. ಸಂಶೋಧನೆಯಲ್ಲಿ ಎರಡಕ್ಕೂ ಬೇರೆ ಬೇರೆ ಅಂಕ ಇದೆ. ರೋಗಿಗಳು ಎರಡನ್ನೂ ‘ಪಾಚಿ’ ಅಂತಲೋ ‘ಕೊಳೆ’ ಅಂತಲೋ ಅನ್ನುತ್ತಾರೆ. ಸದ್ಯಕ್ಕೆ ಮೆತ್ತನೆಯದಕ್ಕೆ ‘ಪಾಚಿ’, ಗಟ್ಟಿಗೆ ‘ಗಾರೆ’ ಅಂತ ಹಂಚಿದ್ದೇನೆ. ‘ಕಿಟ್ಟ’ ಅನ್ನುವವರೂ ಇದ್ದಾರೆ, ಅದು ಯಾವುದಕ್ಕೆ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಮನೆಯಲ್ಲಿ ಏನು ಅನ್ನುತ್ತೀರಿ, ಎರಡಕ್ಕೂ ಬೇರೆ ಪದ ಇದೆಯೇ ಅಂತ ತಿಳಿಸಿ. ಹಾಗೆಯೇ ‘ಒಸಡು’ ಮತ್ತು ‘ವಸಡು’, ನಾನು ಮೊದಲನೆಯದನ್ನು ಬರೆಯುತ್ತಿದ್ದೇನೆ, ಇನ್ನೊಂದೇ ಸರಿ ಅನ್ನುವವರು ಕಾರಣ ಕೊಟ್ಟರೆ ಬದಲಿಸುತ್ತೇನೆ. ‘ಸಿಗ್ನಿಫಿಕೆಂಟ್’ಗೆ ಪದ ಕೊಡುವವರು ದಯವಿಟ್ಟು ಆ 0.21ರ ವಾಕ್ಯವನ್ನು ನಿಮ್ಮ ಪದ ಹಾಕಿ ಒಮ್ಮೆ ಪೂರ್ತಿ ಬರೆದು ಕಳಿಸಿ. ಬಿಡಿ ಪದ ಕಳಿಸಿದರೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೇವೆ.