ಗೋಮಾಳ, ಪಾರ್ಕ್, ಹಸಿರು ವಲಯ: ನಿವೃತ್ತ ಶಿರಸ್ತೇದಾರರನ್ನು ಕೇಳಿ

ಹೊಲದ ಹುಡುಗ: ನಮಸ್ಕಾರ ಸರ್. 2020ರ ತಿದ್ದುಪಡಿ ಆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಂಡು ಸೈಟ್ ಮಾಡಬಹುದು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜಾನಾ?

ಶಿರಸ್ತೇದಾರ್: ಅರ್ಧ ನಿಜ. ಆಗ ತೆಗೆದದ್ದು ಭೂ ಸುಧಾರಣಾ ಕಾಯ್ದೆಯ 79ಎ, 79ಬಿ. ಅದು ಯಾರು ಕೊಳ್ಳಬಹುದು ಅನ್ನುವ ಮಾತು. ಕೃಷಿ ಜಮೀನನ್ನು ಸೈಟಿಗೆ, ಬೇರೆ ಬಳಕೆಗೆ ಬದಲಿಸುವ ಪರಿವರ್ತನೆ ಬೇರೆ, ಅದು ಭೂ ಕಂದಾಯ ಕಾಯ್ದೆಯ 95ನೇ ಕಲಂ. ಹಸಿರು ವಲಯದಲ್ಲಿ, ಅಂದರೆ ನಗರ ಯೋಜನೆಯಲ್ಲಿ ಕೃಷಿಗೆ ಅಂತ ಉಳಿಸಿದ ಜಾಗದಲ್ಲಿ, ಸೈಟ್ ಕೊಂಡರೆ ಆಮೇಲೆ ಅಲೆಯುವವರು ನೀವು, ಮಾರಿದವನಲ್ಲ.

ಕುರಿಗಾಹಿ: ಸರ್, ನಮ್ಮೂರಲ್ಲಿ 78 ಎಕರೆ ಗೋಮಾಳ ಇದೆ. ಹಸು, ಎಮ್ಮೆ ಸೇರಿ 240. ತಾಲ್ಲೂಕು ಕಡತದಲ್ಲಿ 110 ಅಂತ ಬರೆದಿದ್ದಾರಂತೆ. ಮಿಕ್ಕ ಜಾಗ ‘ಹೆಚ್ಚುವರಿ’ ಅಂತ ಮಂಜೂರಿಗೆ ಹೊರಟಿದೆ.

ಶಿರಸ್ತೇದಾರ್: ಇದು ನಿಜಕ್ಕೂ ಗಾಬರಿಯ ವಿಷಯ. 1966ರ ಭೂ ಕಂದಾಯ ನಿಯಮಗಳ 97ನೇ ನಿಯಮ ನೋಡಿ. 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿಗೆ ಬಿಡಬೇಕು. ನಿಮ್ಮ 240ಕ್ಕೆ 72 ಎಕರೆ ಬೇಕು. ಹೆಚ್ಚುವರಿ ಬರೀ 6 ಎಕರೆ. 110 ಅಂತ ಬರೆದರೆ 33 ಎಕರೆ ಸಾಕು, 45 ಎಕರೆ ಹೆಚ್ಚುವರಿ! ಜೆಸಿಬಿ ಬರುವ ಮೊದಲೇ 39 ಎಕರೆ ಕಾಗದದಲ್ಲಿ ಹೋಯಿತು. ಗೋಮಾಳ ಹೋಗುವುದು ಹೀಗೇ.

ಆ 110 ಎಲ್ಲಿಂದ ಬಂತು ಅಂತ ಹಿಡಿಯಿರಿ. ಮಾಹಿತಿ ಹಕ್ಕಿನಲ್ಲಿ ಇಡೀ ಕಡತದ ನಕಲು ಕೇಳಿ, ಗ್ರಾಮ ಲೆಕ್ಕಿಗರ (ಈಗ ಗ್ರಾಮ ಆಡಳಿತ ಅಧಿಕಾರಿ) ವರದಿಯೂ ಸೇರಿ. ಪಶು ಆಸ್ಪತ್ರೆಯಲ್ಲಿ ನಿಮ್ಮೂರಿನ ಜಾನುವಾರು ಗಣತಿಯ ಅಂಕಿ ತೆಗೆದುಕೊಳ್ಳಿ. ಕಾಲುಬಾಯಿ ಜ್ವರದ ಲಸಿಕೆ ಪಟ್ಟಿ ಇನ್ನೂ ಗಟ್ಟಿ. ಕಿವಿಯೋಲೆ ಹಾಕಿದ ಹಸುವಿಗೆ 12 ಅಂಕಿಯ ಸಂಖ್ಯೆ ಇರುತ್ತೆ, ಸುಮ್ನೆ ಅಳಿಸೋಕಾಗಲ್ಲ. ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ಇಷ್ಟನ್ನೂ ಸೇರಿಸಿ ಜಿಲ್ಲಾಧಿಕಾರಿಗೆ ತಕರಾರು ಕೊಡಿ. ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. ಮಂಜೂರಾದ ಮೇಲೆ ಬಿಡಿಸೋದು ವರ್ಷಗಟ್ಟಲೆ ಕೆಲಸ.

ಕುರಿ ಎಷ್ಟಿವೆ ಅಂತಲೂ ಬರೆಯಿರಿ.

ಬಗರ್ ಹುಕುಂ ಬಸಣ್ಣ: ಈಗ ಹಸು ಮೇಯಿಸೋರು ಯಾರಿದ್ದಾರೆ? ಸೀಮೆಹಸು ಎಲ್ಲ ಕೊಟ್ಟಿಗೆಯಲ್ಲೇ. ಭೂಮಿ ಇಲ್ಲದವರು ಉತ್ತರೆ ಏನು ತಪ್ಪು?

ಕುರಿಗಾಹಿ: ಅಣ್ಣಾ, ಭೂಮಿ ಇಲ್ಲದವರಿಗೆ ಸಿಕ್ಕಿದ್ದರೆ ನಾನು ಬಾಯೇ ಬಿಡುತ್ತಿರಲಿಲ್ಲ. ಪಟ್ಟಿಯಲ್ಲಿ ಇರೋದು ಟ್ರ್ಯಾಕ್ಟರ್ ಇರೋರು.

ಬಗರ್ ಹುಕುಂ ಬಸಣ್ಣ: ನಮ್ಮಪ್ಪ ಉಳುತ್ತಿದ್ದ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಅಂತ ಫಾರಂ 53 ಹಾಕಿ ಕಾದು ಕಾದು ಹೋದರು. ನಾನು 57 ಹಾಕಿ ಕೂತಿದ್ದೀನಿ. ನಾವು ಉತ್ತರೆ ಒತ್ತುವರಿ, ಲೇಔಟ್ ಮಾಡಿದರೆ ಅಭಿವೃದ್ಧಿ ಅಲ್ವಾ?

ಶಿರಸ್ತೇದಾರ್: ಬಸಣ್ಣ, ನಿಮ್ಮ ಸಿಟ್ಟು ನ್ಯಾಯವೇ. ಆದರೆ ಅದನ್ನು ಕುರಿ ಕಾಯೋರ ಮೇಲೆ ತೀರಿಸಬೇಡಿ.

ಸೈಟ್ ಸಾಹುಕಾರ: ಫಾರ್ವರ್ಡ್: ‘ಗೋಮಾಳದಲ್ಲಿ 12 ವರ್ಷ ಉಳುಮೆ ಮಾಡಿದರೆ ಅದು ನಿಮ್ಮದೇ! ಎಲ್ಲರಿಗೂ ಕಳಿಸಿ.’

ಶಿರಸ್ತೇದಾರ್: ಯಾರಿಗೂ ಕಳಿಸಬೇಡಿ! 12 ವರ್ಷ ಖಾಸಗಿ ಜಮೀನಿನ ಮಾತು. ಸರ್ಕಾರ ದಾವೆ ಹೂಡಲು 30 ವರ್ಷ ಇದೆ. ಊರಿನ ಸಾರ್ವಜನಿಕ ಜಾಗದ ಒತ್ತುವರಿ ತೆರವು ಮಾಡಿ ಅಂತ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಭೂ ಕಂದಾಯ ಕಾಯ್ದೆಯ ಕಲಂ 192ಎ ಪ್ರಕಾರ ಜೈಲೂ ಇದೆ. ಈ ಮೆಸೇಜ್ ನಂಬಿದವರ ಪರವಾಗಿ ಅದನ್ನು ಬರೆದವನು ಕೋರ್ಟಿಗೆ ಬರೋದಿಲ್ಲ.

ಬಡಾವಣೆ ಭಾಗ್ಯ: ಸರ್, ನಮ್ಮ ಲೇಔಟ್ ಪಾರ್ಕ್ ಜಾಗದಲ್ಲಿ ನರ್ಸಿಂಗ್ ಹೋಮ್ ಕಟ್ತಾರಂತೆ. ಜನರಿಗೆ ಉಪಯೋಗ ಅಂತಾರೆ.

ಶಿರಸ್ತೇದಾರ್: ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲೂ ಇದನ್ನೇ ಅಂದಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಪಾರ್ಕಿನ ಪರ ನಿಂತಿತು. ಮುದ್ದಪ್ಪ ಪ್ರಕರಣ. ಅನುಮೋದಿತ ನಕ್ಷೆಯ ದೃಢೀಕೃತ ನಕಲು ತೆಗೆದಿಡಿ.

ಕೆರೆಕೋಡಿ: ಸರ್, ನಮ್ಮ ಪಹಣಿಯಲ್ಲಿ ‘ಬ ಖರಾಬು’ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿ ಮಾಡದ ಜಾಗ) 8 ಗುಂಟೆ ಇದೆ. ಅದು ಕಾಲುವೆ ಜಾಗ. ಪಕ್ಕದವರು ಮುಚ್ಚಿದ್ದಾರೆ. ಯಾರಿಗೆ ದೂರು ಕೊಡಲಿ?

ಸೈಟ್ ಸಾಹುಕಾರ: ಸರ್, 2020ರ ಮೇಲೆ ಸೈಟ್ ಮಾಡಬಹುದಲ್ವಾ?

ಶಿರಸ್ತೇದಾರ್: ಮೇಲೆ ಓದಿ.

ಸೈಟ್ ಸಾಹುಕಾರ: ಕೇಳಿದ್ದಕ್ಕೆ ಉತ್ತರ ಕೊಡೋಕೆ ಅಷ್ಟು ಗತ್ತಾ?

ಬಗರ್ ಹುಕುಂ ಬಸಣ್ಣ: ಓದೋಕೆ ನಿನಗೇನು ಕಷ್ಟ ಮಾರಾಯ?

ಕೆರೆಕೋಡಿ: ಸರ್, ನನ್ನ ಕಾಲುವೆ ಪ್ರಶ್ನೆ...

ಕುರಿಗಾಹಿ: ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೀನಿ ಸರ್. ಶುಲ್ಕ ಎಷ್ಟು?

ಶಿರಸ್ತೇದಾರ್: 10 ರೂಪಾಯಿ. ನಾಳೆಯೇ ಹಾಕಿ.