ಶೆಡ್ಡಿಗೆ ಏನ್ ತಗೋಬೇಕ್ರಿ: ಕಂಪನಿ ಸಾಫ್ಟ್‌ವೇರೋ, ಓಪನ್ ಸೋರ್ಸೋ?

ಶೆಡ್ಡಿನ ಕೀಲಿಕೈ:
ಎಲ್ಲಾರ್ಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದಾಗ ಒಂದಿಷ್ಟು ಮಂದಿ ಕೂಡಿ ಶೆಡ್ ನಡಸ್ತೀವಿ. ಹಳೇ ಲೇಥ್, ಪಿಲ್ಲರ್ ಡ್ರಿಲ್, ಬೆಂಚ್ ವೈಸ್ ಅದಾವ. ರಿಟೈರ್ ಆದ ಟರ್ನರ್‌ಗಳು, ಪಾಲಿಟೆಕ್ನಿಕ್ ಹುಡುಗರು, ನೇಮ್‌ಪ್ಲೇಟ್ ಮಾಡಿ ಮಾರೋ ಅಕ್ಕಂದಿರು ಬರ್ತಾರ. ಈಗ ದೇಣಿಗಿ ಬಂದೈತಿ. ಲೇಸರ್ ಕಟರ್ ಮತ್ತ ಕ್ಯಾಡ್ (ಕಂಪ್ಯೂಟರ್‌ದಾಗ ಡ್ರಾಯಿಂಗ್ ತಗಿಯೂ) ಸಾಫ್ಟ್‌ವೇರ್ ತಗೋಬೇಕು. ಅಲ್ಲೇ ಜಗಳ ಹತ್ತೈತಿ. "ಆರ್ಡರ್ ಹಿಡದು ಕೆಲಸ ಮಾಡಿಕೊಡೂ ಜಾಬ್ ಶಾಪಿನ್ಯಾಗ ನಡಿಯೂದನ್ನ ತಗೊಳ್ರಿ, ಹುಡುಗರಿಗೆ ನೌಕರಿ ಸಿಗತೈತಿ" ಅಂತಾರ ಅರ್ಧ ಮಂದಿ. "ವರ್ಷಾ ವರ್ಷಾ ಬಾಡಿಗಿ ಯಾರ್ ಕಟ್ಟೋರು, ಓಪನ್ ಸೋರ್ಸ್, ಅಂದ್ರ ಕೋಡ್ ಎಲ್ಲಾರ್ಗೂ ತೆರದಿರೂ ಪುಕ್ಕಟೆ ಫ್ರೀಕ್ಯಾಡ್ ಸಾಕು" ಅಂತಾರ ಉಳದವರು. ನನಗ ಎರಡೂ ಖರೇನ ಅನಸ್ತೈತಿ. ತಿಳದವರು ಹೇಳ್ರಿ.

ಹಳೇ ಟರ್ನರ್:
ತಮ್ಮಾ, ಸಾಫ್ಟ್‌ವೇರ್ ಆಮ್ಯಾಲ. ಮೊದಲ ನಿನ್ನ ಲೇಥಿನ ಟೇಲ್‌ಸ್ಟಾಕ್ ನೋಡು. ಡ್ರಿಲ್ ಕುಂದರೂ ಇಳಿಜಾರ ತೂತಿನ ಅಳತಿ, ಅಂದ್ರ ಮೋರ್ಸ್ ಟೇಪರ್, ಎಂಟಿ-2 ಇದ್ರ ಯಾವ ಕಂಪನಿ ಎಂಟಿ-2 ಡ್ರಿಲ್ ತಂದ್ರೂ ಗಪ್ಪನ ಕುಂದರತೈತಿ. ಮೋರ್ಸ್ ಟೇಪರ್ ಹುಟ್ಟಿದ್ದು 1860ರ ದಶಕದಾಗ, ಅದರ ಅಳತಿ ಇವತ್ತಿಗೂ ಎಲ್ಲಾರ ಕೈಯಾಗ ಐತಿ. ಬ್ಯಾಟರಿ ಡ್ರಿಲ್ ಹಂಗಲ್ಲ. ಒಬ್ಬರ ಬ್ಯಾಟರಿ ಇನ್ನೊಬ್ಬರದಕ್ಕ ಹೆಚ್ಚಾಗಿ ಕೂಡಂಗಿಲ್ಲ, ಬ್ಯಾಟರಿ ಸತ್ರ ಚಲೋ ಡ್ರಿಲ್ಲೂ ಮೂಲಿಗೆ. ಶೆಡ್ಡಿಗೆ ವಾಯರಿಂದ ತಗೋ. ವರ್ನಿಯರ್‌ದಾಗ ಮಾತ್ರ ಕಂಜೂಸತನ ಬ್ಯಾಡ, ಮಿಟುಟೊಯೊ ಕಂಪನಿದ್ದನ ತಗೋ. ಅದಕ್ಕ ಯಾರೂ ಬಂದು ಬೀಗ ಜಡಿಯಂಗಿಲ್ಲ.

ನಾ ಕೇಳೂದು ಒಂದ: ಮಾರಿದಾಂವ ನಾಳೆ ಫೋನ್ ಎತ್ತಲಿಲ್ಲಂದ್ರ ಸಾಮಾನು ನಡೀತೈತೋ ಇಲ್ಲೋ? ನಾ ಇದ್ದ ಒಂದು ಶಾಪಿನ್ಯಾಗ ಸಾಫ್ಟ್‌ವೇರಿನ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೂ ಲೈಸೆನ್ಸಿನ ಕೀಲಿ) ಕೆಟ್ಟಿತ್ತು. ಮಷೀನ್ ಗಟ್ಟಿಮುಟ್ಟ ಇದ್ದೂ, ಹೊಸಾ ಡಾಂಗಲ್ ಬರೂತನಕ ಅದಕ್ಕ ಅರಬಿ ಹೊಚ್ಚಿ ಚಾ ಕುಡ್ಕೋತ ಕುಂತಿದ್ವಿ.

ಡ್ರಾಯಿಂಗ್ ಮೇಷ್ಟ್ರು:
ಮಾರಿದವನು ಇಲ್ಲದಿದ್ದರೂ ಸಾಮಾನು ನಡೆಯಬೇಕು ಅನ್ನುವ ಕಾಕಾನ ಮಾತು ಸರಿ, ಆದರೆ ಲೇಸರ್ ವಿಷಯ ಅಷ್ಟು ಸಲೀಸಲ್ಲ. ಅಗ್ಗದ ಡಯೋಡ್ ಲೇಸರ್‌ಗಳು ಬಹುತೇಕ ಜಿಆರ್‌ಬಿಎಲ್ ಎಂಬ ಮಷೀನ್ ನಡೆಸುವ ಪ್ರೋಗ್ರಾಂ ಮೇಲೆ ನಡೆಯುತ್ತವೆ, ಅದು ಓಪನ್ ಸೋರ್ಸ್. ಆದರೆ ಅವುಗಳ ನೀಲಿ ಬೆಳಕು ಪಾರದರ್ಶಕ ಅಕ್ರಿಲಿಕ್ಕನ್ನು ಕತ್ತರಿಸದೆ ದಾಟಿ ಹೋಗುತ್ತದೆ. ಅಕ್ರಿಲಿಕ್ ನೇಮ್‌ಪ್ಲೇಟಿಗೆ ಸಿಓಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರೇ ಬೇಕು. ಅದರಲ್ಲಿ ಸಾಮಾನ್ಯವಾಗಿ ರುಯಿಡಾ ಕಂಪನಿಯ ಕಂಟ್ರೋಲರ್ ಇರುತ್ತದೆ, ಅದು ಓಪನ್ ಸೋರ್ಸ್ ಅಲ್ಲ, ಮುಚ್ಚಿದ ಪೆಟ್ಟಿಗೆ. ಇಲ್ಲಿ ಹಟ ಬೇಡ, ಲೇಸರ್ ನಡೆಸುವ ಕಂಪನಿ ಸಾಫ್ಟ್‌ವೇರ್ ಲೈಟ್‌ಬರ್ನ್ ಕೊಳ್ಳಿ. ವರ್ಷದ ನಂತರ ಹೊಸ ಅಪ್‌ಡೇಟ್ ಸಿಗುವುದಿಲ್ಲ ಅಷ್ಟೇ, ಇದ್ದದ್ದು ನಡೆಯುತ್ತಲೇ ಇರುತ್ತದೆ. 1.7ರ ನಂತರದ ಆವೃತ್ತಿಗಳು ಲಿನಕ್ಸ್‌ಗೆ ಇಲ್ಲ, ಅದೊಂದು ನೆನಪಿರಲಿ.

ಕ್ಯಾಡ್‌ಗೆ ಫ್ರೀಕ್ಯಾಡ್ ಸಾಕು. ಮೊದಲೆಲ್ಲ ಹಿಂದಿನ ಸ್ಕೆಚ್ ತಿದ್ದಿದರೆ ಫಿಲೆಟ್ (ಅಂಚಿನ ದುಂಡು) ಹೋಗಿ ಬೇರೆ ಅಂಚಿಗೆ ಕೂರುತ್ತಿತ್ತು. 2024ರ ನವೆಂಬರಿನ 1.0ರಿಂದ ಆ ಕಾಟ ಬಹಳ ಕಡಿಮೆ. ಜಾಬ್ ಶಾಪಿಗೆ ಬಹುತೇಕ ಕ್ಯಾಡ್‌ಗಳು ಓದುವ ಸ್ಟೆಪ್ ಫೈಲ್, ಜೊತೆಗೊಂದು ಪಿಡಿಎಫ್ ಕೊಟ್ಟರಾಯಿತು. ಆಟೊಡೆಸ್ಕ್ ಕಂಪನಿಯ ಕ್ಯಾಡ್ ಆದ ಫ್ಯೂಷನ್‌ನ ಪುಕ್ಕಟೆ ಲೈಸೆನ್ಸ್ ವೈಯಕ್ತಿಕ ಬಳಕೆಗೆ ಮಾತ್ರ, ತಿದ್ದಲು ಒಮ್ಮೆಗೆ 10 ಫೈಲ್. ನೀವು ಹೊರಗಿನ ಕೆಲಸ ಹಿಡಿಯುವವರು, ಅದು ಬೇಡ. ನೌಕರಿಗೆ ಕಲಿಯುವ ಹುಡುಗರಿಗೆ ವಿದ್ಯಾರ್ಥಿ ಲೈಸೆನ್ಸ್ ಸಿಗುತ್ತದೆ, ಶೆಡ್ಡು ಕಟ್ಟಬೇಕಿಲ್ಲ.

ನೇಮ್‌ಪ್ಲೇಟ್ ಅಕ್ಕ:
ನಮ್ಮ ಮಾತೂ ಕೇಳ್ರಿ. ಮಷೀನಿನ ಜೋಡಿ ಬಂದ ಸಾಫ್ಟ್‌ವೇರ್‌ದಾಗ "ಲಕ್ಷ್ಮೀ ನಿವಾಸ" ಹೊಡದ್ರ ಕ್ಷ್ಮೀ ಒಡದು ಮೂರು ತುಂಡಾಗಿ ಬರ್ತಿತ್ತು. ಗಿರಾಕಿ ದೇವರ ಹೆಸರನ್ನ ಹಂಗ ತಗೋತಾರೇನ್ರಿ? ಈಗ ಇಂಕ್‌ಸ್ಕೇಪ್ ಅನ್ನೂ ಓಪನ್ ಸೋರ್ಸ್ ಡ್ರಾಯಿಂಗ್ ಸಾಫ್ಟ್‌ವೇರ್‌ದಾಗ ನೋಟೊ ಸ್ಯಾನ್ಸ್ ಕನ್ನಡ ಫಾಂಟಿನಿಂದ ಬರೀತೇನಿ. ಪೂರಾ ಆದಮ್ಯಾಲ ಶಿಫ್ಟ್-ಕಂಟ್ರೋಲ್-ಸಿ ಒತ್ತಿ ಪಾತ್ (ಅಕ್ಷರದ ಅಂಚಿನ ಗೆರಿ) ಮಾಡೂದು, ಗುಂಪು ಬಿಡಿಸಿ ಯೂನಿಯನ್ ಕೊಟ್ಟು ಎಲ್ಲಾ ಒಂದ ಮಾಡೂದು. ಯೂನಿಯನ್ ಬಿಟ್ರ ಒತ್ತಕ್ಷರ ಏರಿ ಕುಂತಲ್ಲಿ ಲೇಸರ್ ಅಕ್ಷರದ ನಡುವ ಗೆರಿ ಕೊಯ್ತೈತಿ. ಫಾಂಟೂ ಪುಕ್ಕಟೆ, ಮಾಡಿದ್ದನ್ನ ಮಾರಾಕೂ ಅಡ್ಡಿ ಇಲ್ಲ.

ಶೆಡ್ಡಿನ ಕೀಲಿಕೈ:
ಅಕ್ಕಾ, ಇದು ನಮ್ಮ ಜಗಳದಾಗ ಯಾರ ತಲ್ಯಾಗೂ ಬಂದಿರಲಿಲ್ಲ. ಹಂಗಾರ ಸಿಓಟು ಮಷೀನ್, ಲೈಟ್‌ಬರ್ನ್ ಒಂದಕ್ಕ ರೊಕ್ಕ, ಉಳದದ್ದೆಲ್ಲಾ ಓಪನ್. ಕ್ಯಾಡ್‌ನ ಬಾಡಿಗಿ ಉಳೀತಲ್ಲ, ಅದನ್ನೇನ್ ಮಾಡೂಣ?

ಹಳೇ ಟರ್ನರ್:
ಚಲೋ ಎಕ್ಸಾಸ್ಟ್ ಫ್ಯಾನ್ ಹಾಕಸು. ಮತ್ತ ಪಿವಿಸಿ ಶೀಟ್ ಹಿಡಕೊಂಡು ಬಂದವರನ್ನ ಬಾಗಲದಾಗ ವಾಪಸ್ ಕಳಸು. ಲೇಸರ್ ತಾಗಿದ್ರ ಕ್ಲೋರಿನ್ ಹೊಗಿ ಏಳತೈತಿ: ಎದಿ ಉರೀತೈತಿ, ಮಷೀನೂ ಜಂಗ್ ಹಿಡೀತೈತಿ.