ಅಪ್‌ಡೇಟ್: ಕುರ್ಚಿ ತೆಗೆದುಕೊಂಡೆ, ಆದರೆ ಏರಾನ್ ಅಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ಬದಿಯಡ್ಕದ ಮನೆಯಲ್ಲೇ ದಿನಕ್ಕೆ ಒಂಬತ್ತು ಗಂಟೆ ಕೆಲಸ, ಸೊಂಟ ನೋವು, ಹರ್ಮನ್ ಮಿಲ್ಲರ್ ಕಂಪನಿಯ ಲಕ್ಷದ ಆಫೀಸ್ ಕುರ್ಚಿ ಏರಾನ್ ತೆಗೆದುಕೊಳ್ಳಲೇ ಎಂದು. "ಕೂತು ನೋಡದೆ ದುಡ್ಡು ಹಾಕಬೇಡಿ" ಎಂದವರಿಗೆಲ್ಲ ತುಂಬಾ ಉಪಕಾರ.

ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಆರು ಕುರ್ಚಿಗಳಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಕೂತೆ. ಏರಾನ್‌ನ 12 ವರ್ಷದ ವಾರಂಟಿ ಈಗಲೂ ಆಸೆ ಹುಟ್ಟಿಸುತ್ತದೆ. ಆದರೆ ಅದರ ಸೀಟು ಹಿಂದೆ ಮುಂದೆ ಸರಿಯುವುದಿಲ್ಲ; ಎ, ಬಿ, ಸಿ ಅಳತೆಗಳಲ್ಲಿ ನಮ್ಮದನ್ನೇ ಆರಿಸಬೇಕು. ನಾನು ಐದಡಿ ಒಂದಿಂಚು, ನನಗೆ ಬೇಕಾದ ಎಲ್ಲಕ್ಕಿಂತ ಚಿಕ್ಕ 'ಎ' ಅಳತೆಯದು ಕೂತು ನೋಡಲು ಸಿಗಲಿಲ್ಲ. ಕೊನೆಗೆ ಒಪ್ಪಿದ್ದು 19,000 ರೂಪಾಯಿಯದು. ಸೀಟಿನ ಆಳ, ಅಂದರೆ ಬೆನ್ನಿನಿಂದ ಮುಂದಿನ ಅಂಚಿನವರೆಗಿನ ಉದ್ದ, ಹೊಂದಿಸಬಹುದು. ಬೆನ್ನು ಪೂರ್ತಿ ಒರಗಿದರೂ ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಮೂರು ಬೆರಳು ಹಿಡಿಸುತ್ತದೆ.

ಮನೆಗೆ ತಂದ ಮೇಲೆ ಇನ್ನೊಂದು ತೊಡಕು. ಅಜ್ಜನ ಮೇಜು ಎತ್ತರ. ಮೊಣಕೈ ಸರಿಹೋಗುವಷ್ಟು ಕುರ್ಚಿ ಏರಿಸಿದರೆ ಕಾಲು ನೆಲಕ್ಕೆ ಎಟಕದು. ಅಮ್ಮ ಊಟಕ್ಕೆ ಕೂರುವ ಎರಡು ಹಲಸಿನ ಮಣೆ ತಂದು ಒಂದರ ಮೇಲೊಂದು ಪಾದದಡಿ ಇಟ್ಟರು. ಸರಿಯಾಗಿ ಹೊಂದಿತು!

ಇದು ಆರನೇ ವಾರ. ಸಂಜೆ ಏಳುವಾಗ ಸೊಂಟ ಹಿಡಿದುಕೊಳ್ಳುವುದು ನಿಂತಿದೆ. ಆದರೂ ಗಂಟೆಗೊಮ್ಮೆ ಎದ್ದು ತೋಟದ ಬದಿಗೆ ಹೋಗಿ ಬರುತ್ತೇನೆ, ಅದನ್ನು ಬಿಟ್ಟ ದಿನ ನೋವು ಮರಳುತ್ತದೆ. ಪೆರ್ಲ, ಮುಳ್ಳೇರಿಯ ಕಡೆಯವರು ಕೂತು ನೋಡಬೇಕಿದ್ದರೆ ಖಂಡಿತ ಮನೆಗೆ ಬನ್ನಿ.